19 ಸಾವಿರ ಆರ್‌ಪಿಎಂ ತನಕ ಕಿರುಚೋ 250: ಹಳೇ ಸಿಬಿಆರ್ ಜೊತೆ ಎರಡು ವಾರ

ಮೊದಲೇ ಹೇಳ್ಬಿಡ್ತೀನಿ, ಇದು ಹೊಸ ಗಾಡಿ ರಿವ್ಯೂ ಅಲ್ಲ. ಶೋರೂಮಿಗೆ ಹೋಗಿ ಕೇಳಿದ್ರೆ ಸಿಗಲ್ಲ, ಮಾಡೋದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಹೋಂಡಾ ಸಿಬಿಆರ್ 250 ಆರ್‌ಆರ್, ಮಾಡೆಲ್ ಕೋಡ್ ಎಂಸಿ22 ಅಂತಾರಲ್ಲ ಅದು, 1990ರ ಮಾಡೆಲ್. ಪರಿಚಯದ ಅಣ್ಣ ಒಬ್ರು ಇದನ್ನ ಮಗು ಥರ ನೋಡ್ಕೊಂಡಿದ್ದಾರೆ. ಅವರಿಗೆ ಸೊಂಟ ಹಿಡ್ಕೊಂಡು ಎರಡು ವಾರ ಗಾಡಿ ಮುಟ್ಟಂಗಿಲ್ಲ ಅಂತ ಡಾಕ್ಟ್ರು ಹೇಳಿದ್ರು, "ಸುಮ್ನೆ ನಿಂತ್ರೆ ಕಾರ್ಬೊರೇಟರ್ ಕಟ್ಕೊಳತ್ತೆ ಕಣೋ, ನೀನೇ ಓಡಿಸ್ಕೊಂಡಿರು, ಆದ್ರೆ ಬೀಳಿಸ್ಬೇಡ" ಅಂತ ಕೀ ಕೈಗೆ ಕೊಟ್ರು. ನಾನು ಬೇಡ ಅಂತೀನಾ.

ನನ್ನ ದಿನದ ಗಾಡಿ ಕವಾಸಾಕಿ ನಿಂಜಾ 400. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಎರಡೂ ಗಾಡಿ ಪವರ್ ಹೆಚ್ಚುಕಮ್ಮಿ ಒಂದೇ, 45 ಹಾರ್ಸ್‌ಪವರ್. ನಿಂಜಾ 400 ಬಂದಿದ್ದು 2018ಕ್ಕೆ, ಅಂದ್ರೆ ಮಧ್ಯೆ 28 ವರ್ಷ. ಆದ್ರೆ ನಿಂಜಾ ಆ 45ನ್ನ 399 ಸಿಸಿ, ಎರಡು ಸಿಲಿಂಡರ್ ಇಟ್ಕೊಂಡು 10 ಸಾವಿರ ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ) ಕೊಡುತ್ತೆ, ಈ ಹಳೇ ಸಿಬಿಆರ್ 249 ಸಿಸಿ, ನಾಲ್ಕು ಸಿಲಿಂಡರ್ ಇಟ್ಕೊಂಡು 15 ಸಾವಿರಕ್ಕೆ ಕೊಡುತ್ತೆ, ಅದಾದ್ಮೇಲೂ ನಿಲ್ಲಲ್ಲ, ರೆಡ್‌ಲೈನ್, ಅಂದ್ರೆ ಇಂಜಿನ್ ದಾಟಬಾರದ ಕೆಂಪು ಗೆರೆ, ಇರೋದೇ 19 ಸಾವಿರಕ್ಕೆ. ಪೇಪರ್ ಮೇಲೆ ಅಣ್ಣತಮ್ಮ ಥರ ಕಾಣೋ ಎರಡು ಗಾಡಿ ರೋಡಲ್ಲಿ ಸಂಬಂಧಾನೇ ಇಲ್ಲ ಅನ್ನೋ ಹಾಗಿದಾವೆ.

ಮೊದಲನೇ ದಿನದ ಕಥೆ ಕೇಳಿ. ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದೆ, ಬಂತು. ಹೊಲಿಗೆ ಮಿಷಿನ್ ಥರ ಸಣ್ಣ ಸದ್ದು, ಅದರೊಳಗೆ ಒಂದು ಸೀಟಿ ಹೊಡೆದ ಹಾಗೆ. ವಾಲ್ವು ತೆಗೆದು ಮುಚ್ಚೋ ಕ್ಯಾಮ್‌ಗೆ ಚೈನ್ ಇಲ್ಲ, ಗೇರ್‌ನಿಂದಾನೇ ತಿರುಗೋದು, ಆ ಸೀಟಿ ಅದರದ್ದೇ. ನಿಂಜಾ ಅಭ್ಯಾಸದಲ್ಲಿ ಹಂಗೇ ಕ್ಲಚ್ ಬಿಟ್ಟೆ, ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಸಿಗ್ನಲ್‌ನಲ್ಲಿ ಹಿಂದೆ ಇರೋರೆಲ್ಲ ಹಾರ್ನ್ ಹೊಡೀತಾ ಇದ್ರೆ ಮೂರನೇ ಸಲಾನೂ ಆಫ್. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಫೋನ್ ಮಾಡಿ "ಅಣ್ಣ, ಕ್ಲಚ್ ಪ್ಲೇಟ್ ಹೋಗಿದೆ ಅನ್ಸತ್ತೆ" ಅಂದೆ, ಅವರು ನಗೋಕೆ ಶುರು ಮಾಡಿದ್ರು, ಸೊಂಟ ನೋವಲ್ಲೂ. "ಕ್ಲಚ್ ಸರಿ ಇದೆ, ನಿನ್ನ ಬಲಗೈ ಸರಿ ಇಲ್ಲ. ಐದಾರು ಸಾವಿರಕ್ಕೆ ರೈಸ್ ಮಾಡಿ ಬಿಡು. ಹತ್ತು ಸಾವಿರದ ಕೆಳಗೆ ಅದು ಇನ್ನೂ ಹಾಸಿಗೆ ಬಿಟ್ಟಿರಲ್ಲ."

ಸರಿಯಾಗೇ ಹೇಳಿದ್ರು. ನನ್ನ ನಿಂಜಾ ಹತ್ತು ಸಾವಿರಕ್ಕೆ ಕೊಡೋದೆಲ್ಲ ಕೊಟ್ಟು ಮುಗಿಸಿರುತ್ತೆ, ಇದು ಅಲ್ಲಿ ಎದ್ದು ಕೂರುತ್ತೆ. ಅಲ್ಲಿ ತನಕ ಇದು ಯಾರೋ ಅಜ್ಜನ ಮೊಪೆಡ್ ಥರ, ಎಳೆಯಲ್ಲ, ಬೈಯಲ್ಲ, ಸುಮ್ನೆ ಹೋಗುತ್ತೆ. 11, 12 ದಾಟಿದ್ಮೇಲೆ ಸದ್ದು ಬದಲಾಗುತ್ತೆ, 14ಕ್ಕೆ ಕೂದಲು ನಿಗುರುತ್ತೆ, 16ಕ್ಕೆ "ಸಾಕು, ಗೇರ್ ಹಾಕು" ಅಂತ ತಲೆ ಹೇಳುತ್ತೆ ಆದ್ರೆ ಮುಳ್ಳು ಇನ್ನೂ ಹೋಗ್ತಾನೇ ಇರುತ್ತೆ, ಕೈ ಕೇಳಲ್ಲ. ಒಂದು ಲೆಕ್ಕ ಹಾಕಿದೆ ಮನೇಲಿ ಕೂತು. 19 ಸಾವಿರ ಅಂದ್ರೆ ಕ್ರ್ಯಾಂಕ್ ಒಂದು ಸೆಕೆಂಡಿಗೆ 317 ಸುತ್ತು, ನಾಲ್ಕೂ ಸಿಲಿಂಡರ್ ಸೇರಿ ಸೆಕೆಂಡಿಗೆ 630ಕ್ಕೂ ಜಾಸ್ತಿ ಸಲ ಬೆಂಕಿ. ಅದಕ್ಕೇ ಅದು ಇಂಜಿನ್ ಸದ್ದಿನ ಹಾಗೆ ಕೇಳಲ್ಲ, ಸಂಗೀತದ ಸ್ವರ ಇದ್ದಂಗೆ ಕೇಳುತ್ತೆ. ಪಿಸ್ಟನ್ ಓಡಾಡೋ ದೂರ ಬರೀ 33.8 ಮಿಲಿಮೀಟರ್, ಬೋರ್, ಅಂದ್ರೆ ಸಿಲಿಂಡರ್ ಅಗಲ, 48.5. ಒಂದೊಂದು ಪಿಸ್ಟನ್ನೂ ಅಂಗೈಯಲ್ಲಿ ಮುಚ್ಚಿಟ್ಕೊಳ್ಳೋ ಅಷ್ಟೇ, ಅಂಥಾ ನಾಲ್ಕು, ಅದಕ್ಕೆ 16 ವಾಲ್ವು. ವಾಚ್ ರಿಪೇರಿ ಮಾಡೋರು ಕೂತು ಮಾಡಿದಾರೇನೋ ಅನ್ಸತ್ತೆ.

ಇಲ್ಲಿ ವಿಷಯ ಏನಂದ್ರೆ ಇಷ್ಟೆಲ್ಲ ಕಿರುಚಾಡಿದ್ರೂ ಸ್ಪೀಡು ಅಂಥಾದ್ದೇನಿಲ್ಲ. ಎರಡನೇ ಗೇರ್‌ನಲ್ಲಿ ಮುಳ್ಳನ್ನ ಕೆಂಪಿಗೆ ತಗುಲಿಸಿದ್ರೂ ಹೈವೇ ಲಿಮಿಟ್ ಆಸುಪಾಸಲ್ಲೇ ಇರ್ತೀರ. ಲೀಟರ್ ಕ್ಲಾಸ್ ಅಂದ್ರೆ 1000 ಸಿಸಿ ಗಾಡಿ ಫಸ್ಟ್ ಗೇರ್‌ನಲ್ಲೇ 150 ಮುಟ್ಟುತ್ತೆ, ಅಂದ್ರೆ ಅದರ ಆರು ಗೇರಲ್ಲಿ ಐದು ಗೇರು ರೋಡಲ್ಲಿ ಬರೀ ಶೋಕಿಗೆ. ಒಂದ್ಸಲ ನಾನೂ ಅಂಥಾದ್ದು ಓಡಿಸಿದೀನಿ, ಇಡೀ ದಿನ ಥ್ರಾಟಲ್ ಕಾಲು ಭಾಗಕ್ಕಿಂತ ಜಾಸ್ತಿ ತಿರುಗಿಸೋಕೆ ಧೈರ್ಯಾನೂ ಬರಲಿಲ್ಲ, ಜಾಗಾನೂ ಸಿಗಲಿಲ್ಲ, ಹುಲಿ ಸಾಕಿ ಸರಪಳಿ ಹಿಡ್ಕೊಂಡು ವಾಕಿಂಗ್ ಹೋದಂಗಾಯ್ತು. ಈ 250ನಲ್ಲಿ ಪೂರ್ತಿ ತಿರುಗಿಸ್ಬಹುದು. ಪೂರ್ತಿ ಅಂದ್ರೆ ಪೂರ್ತಿ, ಸ್ಟಾಪರ್ ತನಕ, ತಿರುವು ಮುಗೀತಿದ್ದಂಗೆ ಪ್ರತೀ ಸಲ. ಗಾಡಿ ಕೊಡೋದ್ರಲ್ಲಿ ಒಂದು ಚೂರೂ ಉಳಿಸ್ದೆ ಹಿಂಡ್ಕೊಳ್ಳೋ ಖುಷಿ ದೊಡ್ಡ ಗಾಡೀಲಿ ಟ್ರ್ಯಾಕ್ ಬಿಟ್ರೆ ಎಲ್ಲೂ ಸಿಗಲ್ಲ, ಅದೂ ನೀವು ಅಷ್ಟು ಚೆನ್ನಾಗಿ ಓಡಿಸೋರಾದ್ರೆ.

ತಿರುವಿನ ಬಗ್ಗೆ ಹೇಳ್ಲೇಬೇಕು. ಡ್ರೈ ವೆಯ್ಟ್ 142 ಕೆಜಿ, ಪೆಟ್ರೋಲು ಆಯಿಲು ಕೂಲೆಂಟು ಎಲ್ಲ ಹಾಕಿದ್ಮೇಲೂ ಹಗುರಾನೇ. ಒಳಗೆ ತಿರುಗೋ ಕ್ರ್ಯಾಂಕು ಗೇರು ಎಲ್ಲಾನೂ ಚಿಕ್ಕದು, ಹಾಗಾಗಿ ಬಗ್ಗಿಸೋಕೆ ಬಲ ಬೇಡ, ಆ ಕಡೆ ನೋಡಿದ್ರೆ ಸಾಕು ಹೋಗುತ್ತೆ. ಎಡಕ್ಕೆ ಬಲಕ್ಕೆ ಎಡಕ್ಕೆ ಅಂತ ಸಾಲಾಗಿ ತಿರುವು ಬರೋ ರೋಡಲ್ಲಿ ನಿಂಜಾ ಒಂಚೂರು ಯೋಚನೆ ಮಾಡಿ ತಿರುಗುತ್ತೆ, ಇದು ಯೋಚನೇನೇ ಮಾಡಲ್ಲ. ಆದ್ರೆ ಒಂದು ಷರತ್ತು, ಬ್ರೇಕ್ ಹಿಡಿದು ಸ್ಪೀಡ್ ಕಳ್ಕೊಂಡ್ರೋ, ಮುಗೀತು. ಮತ್ತೆ ಆ ಸ್ಪೀಡ್ ಗಳಿಸೋಕೆ ಎರಡು ಗೇರ್ ಇಳಿಸಿ, ಕಿರುಚಿಸಿ, ಕಾದು, ಒಟ್ನಲ್ಲಿ ಕತ್ತೆ ಚಾಕರಿ. ದೊಡ್ಡ ಗಾಡೀಲಿ ತಿರುವಲ್ಲಿ ಮಾಡಿದ ತಪ್ಪನ್ನ ನೇರ ರೋಡಲ್ಲಿ ಮುಚ್ಚಾಕ್ಬಹುದು, ಇಲ್ಲಿ ಮಾಡಿದ್ದುಣ್ಣೋ ಮಹರಾಯ. ಮೊದಲ ವಾರ ಪೂರ್ತಿ ನಾನು ಮಾಡಿದ್ದುಣ್ಣೋದೇ ಆಯ್ತು, ಎರಡನೇ ವಾರಕ್ಕೆ ಬ್ರೇಕ್ ಕಮ್ಮಿ ಹಿಡಿಯೋದು, ಮೊದಲೇ ಗೇರ್ ಇಳಿಸೋದು, ದೂರ ನೋಡೋದು ಇವೆಲ್ಲ ತಾನಾಗೇ ಬಂತು. ಆಮೇಲೆ ನಿಂಜಾ ಹತ್ತಿದ್ರೆ ಅದನ್ನೂ ಮೊದಲಿಗಿಂತ ಚೆನ್ನಾಗಿ ಓಡಿಸ್ತಿದೀನಿ, ಇದು ನಾನು ಅಂದ್ಕೊಂಡಿರಲಿಲ್ಲ.

ಬೇಜಾರಿನ ವಿಷಯಕ್ಕೆ ಬರೋಣ. ಕೂರೋದು ಕಷ್ಟ. ಹ್ಯಾಂಡಲ್ ಕೆಳಗೆ, ಫುಟ್‌ಪೆಗ್ ಮೇಲೆ, ನಾನು ಉದ್ದ, ಅರ್ಧ ಗಂಟೆಗೆ ಮಂಡಿ ದೂರು ಕೊಡೋಕೆ ಶುರು, ಒಂದು ಗಂಟೆಗೆ ಮಣಿಕಟ್ಟು. ಡಬಲ್ಸ್ ಅನ್ನೋ ಮಾತೇ ಬೇಡ, ಹಿಂದಿನ ಸೀಟ್ ಇರೋದು ಕಾನೂನಿಗೆ ಮಾತ್ರ. ಟ್ರಾಫಿಕ್‌ನಲ್ಲಿ ಬಿಸಿಗಾಳಿ ಸೀದಾ ತೊಡೆಗೆ. ಎಬಿಎಸ್ ಇಲ್ಲ, ಗೇರ್ ಇಳಿಸಿದಾಗ ಹಿಂದಿನ ಚಕ್ರ ಜಾರದ ಹಾಗೆ ನೋಡ್ಕೊಳ್ಳೋ ಸ್ಲಿಪ್ಪರ್ ಕ್ಲಚ್ ಇಲ್ಲ, ಮಳೇಲಿ ಹುಷಾರು. ಮೈಲೇಜ್ ಕೇಳ್ಬೇಡಿ, ಹಂಗೆ ಕಿರುಚಿಸಿದ್ರೆ ಏನು ಕೊಡುತ್ತೆ ಪಾಪ, ಟ್ಯಾಂಕ್ ಬೇರೆ 13 ಲೀಟರೇ. ಸರ್ವಿಸ್ ಅಂತೂ ಮೂಗಿಗಿಂತ ಮೂಗುತಿ ಭಾರ: ನಾಲ್ಕು ಕಾರ್ಬೊರೇಟರ್ ಬಿಚ್ಚಿ ತೊಳೆದು ಮತ್ತೆ ನಾಲ್ಕೂ ಒಂದೇ ಸಮ ಉಸಿರಾಡೋ ಹಾಗೆ ಸಿಂಕ್ ಮಾಡೋ ತಾಳ್ಮೆ ಇರೋ ಮೆಕ್ಯಾನಿಕ್ ಸಿಗೋದೇ ಕಷ್ಟ, ಸ್ಪಾರ್ಕ್ ಪ್ಲಗ್ ಬದಲಾಯಿಸ್ಬೇಕಂದ್ರೂ ಟ್ಯಾಂಕ್ ಎತ್ತಿ ಇಕ್ಕಟ್ಟಲ್ಲಿ ಬೆರಳು ತೂರಿಸಿ ಒದ್ದಾಡ್ಬೇಕು. ಅಣ್ಣ ಎಲ್ಲಾನೂ ತಾವೇ ಮಾಡ್ಕೋತಾರೆ. ಆ ಸೊಂಟ ನೋವು ಇದರಿಂದಾನೇ ಬಂದಿರೋದು ಅಂತ ಅತ್ತಿಗೆ ವಾದ.

ಈಗ ಅಸಲಿ ಪ್ರಶ್ನೆ, ಇಷ್ಟು ಮಜಾ ಕೊಡೋ ಗಾಡಿ ಯಾಕೆ ಇಲ್ಲವಾಯ್ತು? ಯಾರನ್ನ ಕೇಳಿದ್ರೂ "ಪೊಲ್ಯೂಶನ್ ರೂಲ್ಸ್ ಬಂತು, ಅದಕ್ಕೇ" ಅಂತಾರೆ. ಟೂ ಸ್ಟ್ರೋಕ್‌ಗಳ ಮಟ್ಟಿಗೆ ಅದು ನಿಜಾನೇ, ಪೆಟ್ರೋಲ್ ಜೊತೆ ಆಯಿಲ್ಲೂ ಉರಿಸಿ, ಅರ್ಧಂಬರ್ಧ ಉರಿದಿದ್ದನ್ನ ಸೈಲೆನ್ಸರಲ್ಲಿ ಬಿಡೋ ಇಂಜಿನ್‌ಗೆ ಹೊಸ ರೂಲ್ಸಲ್ಲಿ ಜಾಗ ಇರಲಿಲ್ಲ. ಆದ್ರೆ ಈ ಸಿಬಿಆರ್ ಫೋರ್ ಸ್ಟ್ರೋಕ್. ಇದು ಯಾಕೆ ಹೋಯ್ತು?

ಇದಕ್ಕೆ ಜಪಾನ್ ಕಡೆ ನೋಡ್ಬೇಕು, ಇವೆಲ್ಲ ಹುಟ್ಟಿದ್ದೇ ಅಲ್ಲಿನ ಜನಕ್ಕೆ ಅಂತ. ಅಲ್ಲಿ 1975ರಲ್ಲಿ ಲೈಸೆನ್ಸ್ ರೂಲ್ಸ್ ಬದಲಾಯ್ತು, 400 ಸಿಸಿಗಿಂತ ದೊಡ್ಡದು ಓಡಿಸ್ಬೇಕಂದ್ರೆ ಡ್ರೈವಿಂಗ್ ಸ್ಕೂಲಲ್ಲಿ ಕಲಿತು ಪಾಸಾಗೋ ಹಾಗಿಲ್ಲ, ಸರ್ಕಾರಿ ಸೆಂಟರಿಗೇ ಹೋಗಿ ನೇರ ಪರೀಕ್ಷೆ ಕೊಡ್ಬೇಕು, ಅದರಲ್ಲಿ ಪಾಸಾಗೋರು ಬಹಳ ಕಮ್ಮಿ. ಜೊತೆಗೆ 250 ತನಕದ ಗಾಡಿಗೆ ಶಾಕೆನ್ ಅನ್ನೋ ಖರ್ಚಿನ ಕಡ್ಡಾಯ ತಪಾಸಣೆ ಇಲ್ಲ. ಹುಡುಗರು ಎಲ್ಲಿಗೆ ಹೋಗ್ತಾರೆ? 250ಗೆ, 400ಗೆ. ಕಂಪನಿಗಳು ಎಲ್ಲಿಗೆ ಹೋಗ್ತಾವೆ? ಹುಡುಗರ ಹಿಂದೆ. 1983ರಲ್ಲಿ ಸುಜುಕಿ ಆರ್‌ಜಿ 250 ಗಾಮಾ ಅಲ್ಯೂಮಿನಿಯಂ ಫ್ರೇಮ್ ಹಾಕ್ಕೊಂಡು ಬಂತು, 1985ಕ್ಕೆ ಯಮಹಾ ಟಿಜೆಡ್‌ಆರ್ 250, ಅದರ ಹಿಂದೆ ಹೋಂಡಾ ಎನ್‌ಎಸ್‌ಆರ್ 250 ಆರ್, ಇವೆಲ್ಲ ರೇಸ್ ಗಾಡಿಗೆ ನಂಬರ್ ಪ್ಲೇಟ್ ಹಾಕಿದಂಗಿದ್ದ ಟೂ ಸ್ಟ್ರೋಕ್‌ಗಳು. ಎನ್‌ಎಸ್‌ಆರ್‌ನ ಕೊನೇ ಮಾಡೆಲ್‌ಗೆ ಮಾಮೂಲಿ ಕೀ ಬದಲು ಎಲೆಕ್ಟ್ರಾನಿಕ್ ಕಾರ್ಡ್ ತೂರಿಸ್ಬೇಕಿತ್ತು, 1990ರ ದಶಕದಲ್ಲಿ, ಯೋಚನೆ ಮಾಡಿ. ಫೋರ್ ಸ್ಟ್ರೋಕ್ ಕಡೆಗೆ ಬಂದ್ರೆ ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ ನಾಲ್ಕೂ ಕಂಪನಿ ನಾಲ್ಕು ಸಿಲಿಂಡರ್ ಇರೋ 250 ಮಾಡ್ತಿದ್ವು. ನಾಲ್ಕೂ! ಈಗ ಆ ಕ್ಲಾಸಲ್ಲಿ ಒಂದು ಮಾಡಿದ್ರೇ ಸುದ್ದಿ. 250ಗೆ 45 ಹಾರ್ಸ್‌ಪವರ್ ಮೀರಬಾರದು ಅಂತ ಅವರವರೇ ಒಪ್ಪಂದ ಮಾಡ್ಕೊಂಡಿದ್ರು, ಅದಕ್ಕೇ ಆ ಕಾಲದ ಬ್ರೋಷರ್ ಯಾವುದು ತೆಗೆದ್ರೂ ಅದೇ 45 ಕಾಣೋದು, ಆಮೇಲೆ ಅದನ್ನೂ 40ಕ್ಕೆ ಇಳಿಸಿದ್ರು.

1996ರಲ್ಲಿ ದೊಡ್ಡ ಗಾಡಿ ಲೈಸೆನ್ಸನ್ನ ಡ್ರೈವಿಂಗ್ ಸ್ಕೂಲಲ್ಲೇ ತಗೋಬಹುದು ಅಂತ ರೂಲ್ಸ್ ಸಡಿಲ ಮಾಡಿದ್ರು. ಕಟ್ಟೆ ಒಡೆದಂಗಾಯ್ತು, ಜನ ದೊಡ್ಡ ಗಾಡಿಗೆ ಹೋದ್ರು. ಸುಂದರವಾಗಿದೆ, ತಾಂತ್ರಿಕವಾಗಿ ಅದ್ಭುತ ಅಂತ ಹೊಗಳ್ತಿದ್ದ ಇದೇ 250, 400ಗಳನ್ನ ಬಿಟ್ಟು ಹೋದ್ರು. ಅಂದ್ರೆ ನನಗನ್ಸೋದು ಇಷ್ಟೇ, ಸಣ್ಣ ಸ್ಪೋರ್ಟ್ಸ್ ಗಾಡಿನ ಪ್ರೀತಿಯಿಂದ ಕೊಂಡೋರು ಕಮ್ಮಿ, ಕಾನೂನಿಗೆ ಸಿಕ್ಕಾಕ್ಕೊಂಡು ಕೊಂಡೋರು ಜಾಸ್ತಿ. ಬಾಗಿಲು ತೆಗೆದ ತಕ್ಷಣ ಯಾರ್ಯಾರು ಯಾಕೆ ಒಳಗಿದ್ರು ಅಂತ ಗೊತ್ತಾಗ್ಹೋಯ್ತು.

ಬ್ರಿಟನ್‌ನಲ್ಲಿ ಇನ್ನೂ ಮುಂಚೆ ಆಗಿತ್ತು ಇದು, ಉಲ್ಟಾ ದಿಕ್ಕಲ್ಲಿ. ಅಲ್ಲಿ ಕಲಿಯೋ ಹುಡುಗರು 250 ತನಕ ಓಡಿಸ್ಬಹುದಿತ್ತು, ಹಾಗಾಗಿ ಯಮಹಾ ಆರ್‌ಡಿ 250 ಎಲ್‌ಸಿ ಥರದ ಬೆಂಕಿ ಗಾಡಿಗಳಿಗೆ ಮಾರ್ಕೆಟ್ ಇತ್ತು. 1983ರಲ್ಲಿ ಕಲಿಯೋರಿಗೆ 125 ಸಿಸಿ, 12 ಹಾರ್ಸ್‌ಪವರ್ ಅಷ್ಟೇ ಅಂದುಬಿಟ್ರು. ಪಾಸಾದೋರು 250 ಯಾಕೆ ತಗೋತಾರೆ, ಸೀದಾ ಅದಕ್ಕಿಂತ ದೊಡ್ಡದಕ್ಕೆ. ಇಟಲೀಲಿ 16 ವರ್ಷಕ್ಕೇ 125 ಓಡಿಸ್ಬಹುದು, ಅದಕ್ಕೇ ಅಲ್ಲಿ ಕಜೀವಾ ಮಿಟೊ, ಅಪ್ರಿಲಿಯಾ ಆರ್‌ಎಸ್ 125 ಅಂಥ ಗಾಡಿ ಹುಟ್ಟಿದ್ದು. ಮಿಟೊದ ಹಳೇ ಮಾಡೆಲ್‌ಗಳಿಗೆ 7 ಗೇರ್, 1994ರಲ್ಲಿ ಬಂದ ಇವಲ್ಯೂಷನ್ ಮಾಡೆಲ್ ದೂರದಿಂದ ನೋಡಿದ್ರೆ ದೊಡ್ಡ ಸ್ಪೋರ್ಟ್ಸ್ ಗಾಡಿ ಡುಕಾಟಿ 916 ಅಂತಾನೇ ಅನ್ಕೋಬೇಕು, 16ರ ಹುಡುಗನ ಕೈಗೆ ಇಂಥಾದ್ದು! ಹೊಟ್ಟೆ ಉರೀತದೆ ನಂಗೆ. ಆಮೇಲೆ ಯುರೋಪ್ ರೂಲ್ಸ್ 125ಗೆ 11 ಕಿಲೋವಾಟ್, ಅಂದ್ರೆ 15 ಹಾರ್ಸ್‌ಪವರ್ ಮಿತಿ ಹಾಕ್ತು, ಮೈ ಮುಚ್ಚೋ ಫೇರಿಂಗ್ ಹಂಗೇ ಉಳೀತು, ಒಳಗಿನ ದೆವ್ವ ಹೋಯ್ತು.

ರೇಸ್ ಕೂಡ ಒಂದು ಕಾರಣ, ಇದನ್ನ ಯಾರೂ ಹೇಳಲ್ಲ. ಬೈಕ್ ರೇಸಿನ ವರ್ಲ್ಡ್ ಚಾಂಪಿಯನ್‌ಶಿಪ್ ಆದ ಗ್ರಾಂಡ್ ಪ್ರಿಯಲ್ಲಿ 125, 250 ಅಂತ ಕ್ಲಾಸ್ ಇರೋ ತನಕ ಮನೆ ಮುಂದೆ ನಿಂತಿರೋ 250ಗೂ ಟಿವೀಲಿ ಓಡೋ 250ಗೂ ಒಂದು ನಂಟಿತ್ತು. ಮ್ಯಾಕ್ಸ್ ಬಿಯಾಜಿ ಸತತ ನಾಲ್ಕು ವರ್ಷ 250 ಚಾಂಪಿಯನ್, ವ್ಯಾಲೆಂಟಿನೊ ರೋಸಿ 1999ರಲ್ಲಿ, ಪೆಡ್ರೋಸಾ, ಲೊರೆಂಜೊ, ಎಲ್ಲ ಅಲ್ಲಿಂದ ಬಂದೋರೇ. 2009ರಲ್ಲಿ ಹಿರೋಶಿ ಅಯೋಯಾಮಾ ಕೊನೇ 250 ಚಾಂಪಿಯನ್ ಆದ್ರು, ಮುಂದಿನ ವರ್ಷ ಮೊಟೊ2 ಅಂತ 600 ಸಿಸಿ ಇಂಜಿನ್ ಬಂತು. 125 ಕೂಡ 2011ಕ್ಕೆ ಮುಗೀತು. ರೋಡ್ ಗಾಡಿ ಅಷ್ಟರಲ್ಲಿ ಹೆಚ್ಚುಕಮ್ಮಿ ಸತ್ತಿತ್ತು ಅನ್ನೋದು ನಿಜ, ಆದ್ರೆ ಪೋಸ್ಟರ್ ಹಚ್ಚೋಕೂ ಏನೂ ಉಳೀಲಿಲ್ಲ. ಮಧ್ಯೆ ಒಂದು ಒಳ್ಳೇದಾಯ್ತು, 2017ರಲ್ಲಿ ಸೂಪರ್‌ಸ್ಪೋರ್ಟ್ 300 ಅಂತ ವರ್ಲ್ಡ್ ಚಾಂಪಿಯನ್‌ಶಿಪ್ ಶುರುವಾಯ್ತು, ನನ್ನ ಗಾಡಿ ಥರದ್ದೇ ನಿಂಜಾ 400ನಲ್ಲಿ 2018ಕ್ಕೆ ಆನಾ ಕರಾಸ್ಕೊ ಗೆದ್ರು, ಸೈಡ್‌ಕಾರ್ ಬಿಟ್ಟು, ಒಬ್ರೇ ಓಡಿಸೋ ಬೈಕ್‌ಗಳ ರೋಡ್ ರೇಸಿಂಗ್‌ನಲ್ಲಿ ಗಂಡಸರ ಜೊತೆ ಓಡಿ ವರ್ಲ್ಡ್ ಚಾಂಪಿಯನ್ ಆದ ಮೊದಲ ಹೆಣ್ಣುಮಗಳು. ಆ ಕ್ಲಾಸೂ 2025ಕ್ಕೆ ಮುಗೀತು, ಅದರ ಜಾಗಕ್ಕೆ ಇನ್ನೂ ದೊಡ್ಡ ಇಂಜಿನ್‌ಗಳ ಕ್ಲಾಸ್ ಬಂತು. ಎಲ್ಲ ಕಡೆನೂ ಮೇಲಕ್ಕೇ ಹೋಗೋದು.

ಮತ್ತೆ ಖರ್ಚು. ನಾಲ್ಕು ಪಿಸ್ಟನ್, 16 ವಾಲ್ವು, ನಾಲ್ಕು ಕಾರ್ಬೊರೇಟರ್ ಅನ್ನೋದು 250ಗಾದ್ರೂ ಅಷ್ಟೇ, 600ಗಾದ್ರೂ ಅಷ್ಟೇ. ಪಿಸ್ಟನ್ ಸಣ್ಣದಾದ್ರೆ ಲೋಹ ಸ್ವಲ್ಪ ಕಮ್ಮಿ ಬೇಕಾಗ್ಬಹುದು, ಕೊರೆಯೋ ಕೆಲಸ, ಜೋಡಿಸೋ ಕೆಲಸ ಕಮ್ಮಿ ಆಗಲ್ಲ, 19 ಸಾವಿರ ಸುತ್ತೋಕೆ ಇನ್ನೂ ನಾಜೂಕಾಗಿ ಮಾಡ್ಬೇಕು. ಹಾಗಾಗಿ ಅದನ್ನ ಸಣ್ಣ ಗಾಡಿ ರೇಟಿಗೆ ಮಾರೋಕಾಗಲ್ಲ, ದೊಡ್ಡ ಗಾಡಿ ರೇಟಿಗೆ ಮಾರಿದ್ರೆ ಜನ "ಬರೀ 250ಗೆ ಇಷ್ಟಾ?" ಅಂತಾರೆ. ನಾನೂ ಅಂದಿದ್ದೆ. ನಿಂಜಾ ತಗೊಳೋವಾಗ ನಾನು ನೋಡಿದ್ದು ಏನು? ಕಡಿಮೆ ಆರ್‌ಪಿಎಂನಲ್ಲಿ ಎಳೆಯುತ್ತಾ, ಆಫೀಸಿಗೆ ಹೋಗಿ ಬರೋಕೆ ಆರಾಮಾ, ಸರ್ವಿಸ್ ಸಲೀಸಾ. 38 ನ್ಯೂಟನ್ ಮೀಟರ್ ಟಾರ್ಕು, ಅಂದ್ರೆ ತಿರುಗಿಸೋ ಬಲ, ಎಂಟು ಸಾವಿರಕ್ಕೇ ಸಿಗುತ್ತೆ, ಈ ಸಿಬಿಆರ್ ಎಷ್ಟೇ ಕಿರುಚಿದ್ರೂ ಅದರ ಮುಕ್ಕಾಲು ಭಾಗಾನೂ ಮುಟ್ಟಲ್ಲ. ಈ ಥರದ ಗಾಡಿಗಳು ಹೋಗಿದ್ದಕ್ಕೆ ನನ್ನಂಥ ಗಿರಾಕಿಗಳೂ ಕಾರಣ, ಇದನ್ನ ಬರೆಯೋವಾಗ ಸ್ವಲ್ಪ ನಾಚಿಕೆ ಆಗ್ತಿದೆ, ಹಂಗಂತ ನಿಂಜಾ ಮಾರ್ತೀನಾ ಅಂದ್ರೆ ಇಲ್ಲ.

ಹೋಂಡಾ 2016ರಲ್ಲಿ ಸಿಬಿಆರ್ 250 ಆರ್‌ಆರ್ ಅನ್ನೋ ಇದೇ ಹೆಸರು ವಾಪಸ್ ತಂತು, ಆದ್ರೆ ಎರಡೇ ಸಿಲಿಂಡರ್. ಒಳ್ಳೇ ಗಾಡಿ, ಚೂಪಾಗಿದೆ, ಆದ್ರೆ ಹಳೇದು ಓಡಿಸಿದೋರು ಆ ಹೆಸರು ಕೇಳಿ ಹತ್ತಿದ್ರೆ ಮುಖ ಸಣ್ಣ ಮಾಡ್ಕೋತಾರೆ. ಕವಾಸಾಕಿ ಮಾತ್ರ 2020ರಲ್ಲಿ ಹುಚ್ಚು ಧೈರ್ಯ ಮಾಡ್ತು, ಜೆಡ್‌ಎಕ್ಸ್ 25 ಆರ್, ನಾಲ್ಕು ಸಿಲಿಂಡರ್ 250, 50 ಹಾರ್ಸ್‌ಪವರ್, 15,500 ಆರ್‌ಪಿಎಂಗೆ. ಮೊದಲು ಬಂದಿದ್ದು ಇಂಡೋನೇಷ್ಯಾಕ್ಕೆ, ಯಾಕಂದ್ರೆ ಅಲ್ಲಿ 250 ಅಂದ್ರೇನೇ ದೊಡ್ಡ ಗಾಡಿ ಲೆಕ್ಕ, ಅದರ ಮೇಲೆ ಖರ್ಚು ಮಾಡೋರು ಇದ್ದಾರೆ. ಯುರೋಪಿಗೆ ಅದನ್ನ ತರಲೇ ಇಲ್ಲ, ಅಲ್ಲಿಗೆ 2023ರಲ್ಲಿ ಅದರಣ್ಣ ಜೆಡ್‌ಎಕ್ಸ್ 4 ಆರ್‌ಆರ್ ಹೋಯ್ತು, 399 ಸಿಸಿ. 25 ಆರ್‌ನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಇಂಜೆಕ್ಷನ್ ಇದೆ, ಚೋಕ್ ಎಳೆಯೋ ಕಷ್ಟ ಇಲ್ಲ, ತೂಕ ಮಾತ್ರ ಪೆಟ್ರೋಲ್ ಸೇರಿ 180 ಕೆಜಿ ದಾಟುತ್ತೆ. ನಾನು ಅದನ್ನ ಓಡಿಸಿಲ್ಲ, ಹತ್ರ ನಿಂತು ಸದ್ದು ಕೇಳಿದೀನಿ, ಸದ್ದು ಅದೇ ಜಾತಿ.

ಹಳೇ ಎಂಸಿ22 ತಗೋಬೇಕು ಅಂತ ಯಾರಿಗಾದ್ರೂ ತಲೆ ಕೆಟ್ಟಿದ್ರೆ ನನ್ನ ಸಲಹೆ. ಒಂದೇ ಗಾಡಿ ಇಟ್ಕೊಳೋರು ಬೇಡ. ಎರಡನೇ ಗಾಡಿಯಾಗಿ, ರಿಂಚ್ ಹಿಡಿಯೋಕೆ ಬರೋರು ತಗೊಳ್ಳಿ. ನೋಡೋಕೆ ಹೋದಾಗ ಇಂಜಿನ್ ತಣ್ಣಗಿದೆಯಾ ಅಂತ ಮುಟ್ಟಿ ನೋಡಿ, ಮಾರೋರು ಮೊದಲೇ ಬಿಸಿ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಿದಾರೆ ಅಂತ ಅರ್ಥ. ಚೋಕ್ ಹಾಕದೆ ಸ್ಟಾರ್ಟ್ ಆಗದಿದ್ರೆ ಭಯ ಬೇಡ, ಚೋಕ್ ತೆಗೆದ್ಮೇಲೂ ಒಂದು ಸಿಲಿಂಡರ್ ಕೈಕೊಟ್ಟಂಗೆ ತಡವರಿಸಿದ್ರೆ ಕಾರ್ಬೊರೇಟರ್‌ನ ಜೆಟ್, ಅಂದ್ರೆ ಪೆಟ್ರೋಲ್ ಹೋಗೋ ಸಣ್ಣ ತೂತು, ಕಟ್ಟಿರ್ಬಹುದು. ಫೇರಿಂಗ್ ಒಡೆದಿದ್ರೆ ರೇಟ್ ಇಳಿಸಿ ಅಂತ ಚೌಕಾಸಿ ಮಾಡೋಕೆ ಮುಂಚೆ ಆ ಫೇರಿಂಗ್ ಎಲ್ಲಾದ್ರೂ ಸಿಗುತ್ತಾ ಹುಡುಕಿ. ಅದಕ್ಕಿಂತ ಮುಖ್ಯ, ಮೊದಲು ಅರ್ಧ ಗಂಟೆ ಅದರ ಮೇಲೆ ಸುಮ್ನೆ ಕೂತು ನೋಡಿ, ಮಂಡಿ ಒಪ್ಪುತ್ತಾ ಅಂತ.

ಮಾರ್ಕ್ಸ್ ಕೊಡಿ ಅಂದ್ರೆ ಆಫೀಸಿಗೆ ಹೋಗೋಕೆ ಹತ್ತಕ್ಕೆ ಎರಡು, ಭಾನುವಾರ ಬೆಳಗ್ಗೆ ಆರು ಗಂಟೆಗೆ ಖಾಲಿ ತಿರುವು ರೋಡಲ್ಲಿ ಹತ್ತಕ್ಕೆ ಹತ್ತು, ಅಲ್ಲಿಂದ ವಾಪಸ್ ಬರೋ ನೇರ ಹೈವೇಲಿ ಗಾಳಿ ಹೊಡ್ಕೊಂಡು ಮಣಿಕಟ್ಟು ಹಿಡ್ಕೊಂಡು ಬರೋವಾಗ ನಾಲ್ಕು.

ನಿನ್ನೆ ವಾಪಸ್ ಕೊಟ್ಟೆ. ಅಣ್ಣ ಗೇಟ್ ಹತ್ರ ಸೊಂಟದ ಬೆಲ್ಟ್ ಹಾಕ್ಕೊಂಡು ಕಾಯ್ತಾ ನಿಂತಿದ್ರು, ಗಾಡಿ ಸುತ್ತ ಒಂದು ರೌಂಡ್ ಹಾಕಿ ಫೇರಿಂಗ್ ನೋಡಿದ್ರು, ಟೈರ್ ಅಂಚು ಎಷ್ಟು ಸವೆದಿದೆ ಅಂತ ಬೆರಳಲ್ಲಿ ಸವರಿ ನೋಡಿದ್ರು. "ಎಷ್ಟು ತನಕ ಎಳೆದೆ?" ಅಂದ್ರು. ಹದಿನೇಳು ಅಂದೆ. "ಇನ್ನೂ ಎರಡು ಸಾವಿರ ಬಾಕಿ ಇಟ್ಟಿದೀಯಲ್ಲೋ" ಅಂದು ಕೀ ಇಸ್ಕೊಂಡ್ರು.